ಓದದೆ ಮುದ್ರೆ ಒತ್ತಿದವರಿಗೆ

ನಮ್ಮ ಕ್ರೈಸ್ತ ಸಭೆಯ ಪುಸ್ತಕ ಸಮಿತಿಯ ಅಧ್ಯಕ್ಷರಾದ ಮಾನ್ಯರೇ,

ನೀವು ‘ವಿಶ್ವಾಸಾರ್ಹ’ ಎಂದು ಮುದ್ರೆ ಒತ್ತಿದ, ಬೈಬಲಿನ ಯೋಬನ ಗ್ರಂಥದ ವ್ಯಾಖ್ಯಾನ ಸಾಯುತ್ತಿರುವ ನನ್ನ ಅಕ್ಕನನ್ನು ಹಿಂಸಿಸುತ್ತಿದೆ. ಅದನ್ನು ನೀವು ಓದಿಲ್ಲ ಎಂಬುದು ನನ್ನ ಆರೋಪ. ಓದಿಯೂ ಒತ್ತಿದ್ದರೆ ವಿಷಯ ಇನ್ನೂ ಕೆಟ್ಟದು; ಅಷ್ಟು ದೊಡ್ಡ ಅಪವಾದ ಹೊರಿಸಲು ನನಗೆ ಮನಸ್ಸಿಲ್ಲ.

ಆ ಪುಸ್ತಕ ಹೇಳುವುದಿಷ್ಟು: ಯೋಬ ಮೈತುಂಬ ಹುಣ್ಣಾಗಿ ನರಳಿದ್ದು ಮುಚ್ಚಿಟ್ಟ ಪಾಪದಿಂದ; ಪಾಪವನ್ನು ಅರಿಕೆ ಮಾಡಿಕೊಂಡರೆ ರೋಗ ಬಿಟ್ಟುಹೋಗುತ್ತದೆ. ಆಧಾರಕ್ಕೆ ಎತ್ತಿಕೊಂಡಿರುವುದೆಲ್ಲ ಯೋಬನ ಸ್ನೇಹಿತರ ಮಾತುಗಳು. ಆ ಸ್ನೇಹಿತರು ಆಡಿದ್ದು ಸರಿಯಲ್ಲವೆಂದು ಕೊನೆಯ ಅಧ್ಯಾಯದಲ್ಲಿ ದೇವರೇ ಸಿಟ್ಟಾಗುತ್ತಾನೆ. ಅಲ್ಲಿಯವರೆಗೆ ಹೋಗುವ ಪುರುಸೊತ್ತು ಲೇಖಕರಿಗೂ ಇರಲಿಲ್ಲ, ನಿಮಗೂ ಇರಲಿಲ್ಲ. ದೇವರು ಗದರಿದವರನ್ನೇ ಗುರುಗಳನ್ನಾಗಿ ಮಾಡಿಕೊಂಡ ನಿಮ್ಮ ಸಾಧನೆ ಸಣ್ಣದೇನಲ್ಲ.

ನೀವು ಪುಸ್ತಕ ಆರಿಸುವ ಚೆಂದವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಮಿತಿ ಕೂತ ದಿನ ಚಹಾ ತಂದವಳು ನಾನೇ. ಮೊದಲು ಲೇಖಕರ ಫೋಟೋ ನೋಡಿದಿರಿ, ಆಮೇಲೆ ಮುನ್ನುಡಿ ಯಾರದೆಂದು ವಿಚಾರಿಸಿದಿರಿ. ಮುನ್ನುಡಿ ನಿಮ್ಮದೇ ಆಗಿತ್ತು, ಸಮಿತಿ ತಲೆಯಾಡಿಸಿತು. ಓದದೆ ಮುನ್ನುಡಿ ಹೇಗೆ ಬರೆದಿರಿ ಎಂದು ನಾನು ಕೇಳಿದ್ದಕ್ಕೆ, ಸಮಿತಿಯವರು ಹೇಗೂ ಓದುತ್ತಾರಲ್ಲ ಎಂದಿರಿ. ಅದೇ ದಿನ ಇನ್ನೊಂದು ವ್ಯಾಖ್ಯಾನವನ್ನು ತಳ್ಳಿಹಾಕಿದಿರಿ. ಅದರ ಲೇಖಕಿ ಗ್ರಂಥದ ಮೂಲಭಾಷೆಯಾದ ಹೀಬ್ರೂ ಕಲಿತವರು. ಯಾವ ಮಾತನ್ನು ಯಾರು, ಯಾರಿಗೆ ಹೇಳಿದರೆಂದು ಬಿಡಿಸಿ ತೋರಿಸುತ್ತಾರೆ. ಅರ್ಥವಾಗದ ಕಡೆ ಅರ್ಥವಾಗಲಿಲ್ಲವೆಂದೇ ಬರೆಯುತ್ತಾರೆ. ನಿಮ್ಮ ತೀರ್ಪು ನೆನಪಿದೆ: “ಗೊತ್ತಿಲ್ಲ ಅನ್ನೋರ ಪುಸ್ತಕ ನಮಗ್ಯಾಕಮ್ಮ?” ನಿಜ, ಎಲ್ಲ ಗೊತ್ತಿರುವವರ ನಡುವೆ ಆ ಹೆಂಗಸಿಗೇನು ಕೆಲಸ?

ನನ್ನ ಅಕ್ಕ ಔಷಧದಂಗಡಿಯಲ್ಲಿ ದುಡಿದವಳು. ಶೀಶೆಯ ಮೇಲಿನ ಚೀಟಿಯನ್ನು ಓದದೆ ಯಾರ ಕೈಗೂ ಔಷಧ ಕೊಟ್ಟವಳಲ್ಲ. ಚೀಟಿ ಅಂಟಿಸಿದವರು ಒಳಗೇನಿದೆ ಎಂದು ನೋಡಿರುತ್ತಾರೆ ಎಂಬ ನಂಬಿಕೆಯಲ್ಲೇ ಬದುಕಿದವಳು ನಿಮ್ಮ ಮುದ್ರೆಯನ್ನೂ ನಂಬಿದಳು. ಹೊಟ್ಟೆಯ ಗಡ್ಡೆ ಈಗ ಲಿವರ್‌ಗೆ ಹರಡಿದೆ. ನೋವಿನ ಮಾತ್ರೆ ನುಂಗಿದರೆ ಮಂಪರು ಹತ್ತಿ ಪಾಪ ನೆನಪಾಗುವುದಿಲ್ಲವೆಂದು ಮಾತ್ರೆಯನ್ನು ದೂರ ತಳ್ಳುತ್ತಾಳೆ. ಹಲ್ಲು ಕಚ್ಚಿಕೊಂಡು ತನ್ನ ಬಾಳನ್ನೆಲ್ಲ ಜಾಲಾಡುತ್ತಾಳೆ. ಮೊನ್ನೆ ನನ್ನ ಕೈ ಹಿಡಿದು, “ಚಿಕ್ಕವರಿದ್ದಾಗ ನಿನ್ನ ಪೆನ್ಸಿಲ್ ಕದ್ದಿದ್ದೆ ಕಣೇ. ಅದೇ ಇರಬಹುದಾ?” ಎಂದಳು. ಒಂದು ಪೆನ್ಸಿಲ್‌ಗೆ ಇಷ್ಟು ದಂಡ ವಿಧಿಸುವ ದೇವರನ್ನು ಅವಳಿಗೆ ಪರಿಚಯಿಸಿದವರು ನೀವು.

ಯೋಬನ ಕೊನೆಯ ಅಧ್ಯಾಯವನ್ನು ನಾನೇ ಅವಳಿಗೆ ಓದಿ ಹೇಳಿದೆ. “ಅದನ್ನೆಲ್ಲ ಬಲ್ಲೋರು ವಿಚಾರ ಮಾಡಿರ್ತಾರೆ ಬಿಡು,” ಎಂದು ಮುಖ ತಿರುಗಿಸಿದಳು. ಆ ಬಲ್ಲವರು ನೀವು.

ನನಗೆ ವಿಷಾದದ ಪ್ರಕಟಣೆ ಬೇಡ, ವಿಚಾರಣೆಗೆ ಉಪಸಮಿತಿಯೂ ಬೇಡ. ನಮ್ಮ ಮನೆಗೆ ಬನ್ನಿ. ಅವಳ ಹಾಸಿಗೆಯ ಪಕ್ಕ ಕೂತು, ಪುಸ್ತಕ ತಪ್ಪು, ನಾನು ಓದಿರಲಿಲ್ಲ, ನಿನ್ನ ರೋಗಕ್ಕೆ ನಿನ್ನ ಪಾಪ ಕಾರಣವಲ್ಲ ಎಂದು ನಿಮ್ಮ ಬಾಯಿಂದಲೇ ಹೇಳಿ. ಮಾತ್ರೆ ನುಂಗಿಸುವ ಕೆಲಸ ನನಗಿರಲಿ. ಅವಳು ಆ ಕ್ಷಣವೇ ನಿಮ್ಮನ್ನು ಕ್ಷಮಿಸುತ್ತಾಳೆ. ಎದ್ದು ಕೂರಲಾಗದ್ದಕ್ಕೆ ನಿಮ್ಮ ಕ್ಷಮೆಯನ್ನೂ ಕೇಳುತ್ತಾಳೆ. ಅದನ್ನು ಕೇಳಿಸಿಕೊಂಡು ಅಲ್ಲೇ ಕೂತಿರಬೇಕು, ನಿಮಗೆ ನಾನು ಬಯಸುವ ಶಿಕ್ಷೆ ಅದೊಂದೇ. ನಾಳೆಯೇ ಬನ್ನಿ, ನಾಡಿದ್ದಿನ ಭರವಸೆಯನ್ನು ವೈದ್ಯರು ಕೊಟ್ಟಿಲ್ಲ.

ಇಂತಿ,
ನಿಮ್ಮನ್ನು ನಂಬಿದ ಅಕ್ಕನಿಗೆ
ತನ್ನ ಮಾತಿನಲ್ಲಿ ನಂಬಿಕೆ ಹುಟ್ಟಿಸಲಾಗದ ತಂಗಿ