ತೊಳೆಯದೆ ಬಿಟ್ಟ ಚೈನು

ಚಿ. ಸುಧಾಕರನಿಗೆ,

ಕೈಯ ಅಭ್ಯಾಸ ನೋಡು, 'ಚಿರಂಜೀವಿ' ಎಂದೇ ಬರೆದುಬಿಟ್ಟೆ. ನೀನಿನ್ನೂ ಊರಲ್ಲಿದ್ದಾಗ ನಿನಗೆ ಬರೆಯುತ್ತಿದ್ದ ಕಾಗದಗಳೆಲ್ಲ ಹೀಗೇ ಶುರುವಾಗುತ್ತಿದ್ದವು. ಹೊಡೆದುಹಾಕೋಣವೆಂದುಕೊಂಡೆ, ಮನಸ್ಸಾಗಲಿಲ್ಲ. ಇರಲಿ ಬಿಡು. ತೀರಿಹೋದ ತಮ್ಮನಿಗೆ ಅಣ್ಣ ಹೇಗೆ ಬರೆಯಬೇಕೆಂದು ನನಗೆ ಯಾರು ಕಲಿಸಿದ್ದಾರೆ? ಪೊಟ್ಟಣ ಕಟ್ಟುವ ಹಳೇ ಪೇಪರು ಓದಿ ಅಕ್ಷರ ಕೂಡಿಸಿದವನು ನಾನು.

ನೀನು ಅಹಮದಾಬಾದಿಗೆ ಬಂದಿಳಿದ ದಿನ ನೆನಪಿದೆಯಾ? ವಟ್ವಾದ ಬಣ್ಣದ ಕಾರ್ಖಾನೆಗಳ ವಾಸನೆಗೆ ಮೂಗು ಮುಚ್ಚಿಕೊಂಡು ನಮ್ಮ ರಿಪೇರಿ ಶೆಡ್ಡಿನ ಬಾಗಿಲಲ್ಲಿ ನೀನು ನಿಂತಿದ್ದೆ. ಒಳಗೆ ಯಾರದೋ ಡೋಜರಿನ, ನೆಲದ ಮೇಲೆ ಉರುಳುವ ಕಬ್ಬಿಣದ ಚೈನು ಕೆಸರು ಮೆತ್ತಿಕೊಂಡು ಬಿದ್ದಿತ್ತು. ಹುರುಪಿನಲ್ಲಿ ನೀನು ಸುತ್ತಿಗೆ ಎತ್ತಿಕೊಂಡೆ. ನಾನು ಅದನ್ನು ಕಸಿದು ನೀರಿನ ಪೈಪು ಕೈಗಿಟ್ಟೆ. "ಮೊದ್ಲ್ ತೊಳಿ ಮಾರಾಯ. ತೊಳೀದೇ ಇದ್ದ್ ಕಬ್ಣ ಸುಳ್ ಹೇಳತ್ತ್" ಎಂದೆ. "ಹೋಟ್ಲಲ್ ಪಾತ್ರೆ ತೊಳುದ್ ಬ್ಯಾಡ ಅಂದೇಳಿ ಇಲ್ಲಿಗ್ ಬಂದದ್ದ್ ಅಣ್ಣಯ್ಯ, ಇಲ್ಲೂ ಅದೇ ಆಯ್ತಲೆ!" ಎಂದು ನೀನು ನಕ್ಕೆ. ಆಮೇಲೆ ನಮ್ಮ ಶೆಡ್ಡಿಗೆ ಬಂದ ಯಾವ ಚೈನನ್ನೂ ತೊಳೆಯದೆ ನಾವು ಮುಟ್ಟಿದ್ದಿಲ್ಲ. ಈ ಮಾತನ್ನು ಮತ್ತೆ ಯಾಕೆ ಎತ್ತಿದೆನೆಂದು ಮುಂದೆ ಹೇಳುತ್ತೇನೆ.

ನಿನ್ನದೇ ಒಂದು ಗಾಡಿ ಬೇಕೆಂದು ಹಟ ಹಿಡಿದು ಆ ಹಳೇ ಡೋಜರು ತಂದ ದಿನವೂ ಕಣ್ಣೆದುರಿಗಿದೆ. ವಡೋದರಾದ ಸುತ್ತಿನ ಹಳ್ಳಿಗಳಲ್ಲಿ ಕೆರೆ ಅಗೆಯುವುದು, ಹೊಲ ಮಟ್ಟ ಮಾಡುವುದು, ಅದೇ ನಿನ್ನ ಲೋಕವಾಯಿತು. ನಾನು ಎಷ್ಟು ಬೈದೆ ನಿನಗೆ! ಚೈನಿನ ಗಾಡಿ ಹೊಲದ ಅಂಚಿನಲ್ಲಿ ತಿರುಗಿದರೆ ಮಣ್ಣು ಕಿತ್ತು ಬರುತ್ತದೆ, ಬದು ಕುಸಿಯುತ್ತದೆ. ಅದಕ್ಕಾಗಿ ನೀನು ತಿರುಗಿಸುತ್ತಲೇ ಇರಲಿಲ್ಲ. ಎಷ್ಟು ದೂರವಾದರೂ ಕತ್ತು ಹೊರಳಿಸಿಕೊಂಡು ರಿವರ್ಸಿನಲ್ಲೇ ಬರುತ್ತಿದ್ದೆ. "ರಿವರ್ಸ್ ಹೊಡೆದ್ರೆ ಚೈನಿನ ಬುಷ್ ತಿಂತತ್ತ್ ಸುಧಾಕರ" ಎಂದರೆ, "ಬದು ಕಟ್ಟಿದವ ಅಲ್ಲೇ ನಿಂತ್ಕಂಡ್ ಕಾಣ್ತಾ ಇರ್ತಾ ಅಣ್ಣಯ್ಯ, ಅವ್ನ್ ಮೋರೆ ಕಂಡ್ ಹ್ಯಾಂಗೆ ತಿರ್ಗ್ಸುದ್?" ಎನ್ನುತ್ತಿದ್ದೆ.

ಕೊನೆಯ ಕೆರೆ ಮುಗಿಸಿ ಟ್ರೇಲರಿನಲ್ಲಿ ಗಾಡಿ ತಂದು ಶೆಡ್ಡಿನ ಅಂಗಳದಲ್ಲಿ ಇಳಿಸಿದೆಯಲ್ಲ, ಆ ಸಂಜೆ ನೀನು ನನ್ನನ್ನು ನೋಡಿ ಕೈಯೆತ್ತಿದ್ದಷ್ಟೇ. ಏನೋ ಹೇಳಲಿಕ್ಕಿತ್ತು ಎಂಬಂತೆ ನಿಂತೆ. ಮತ್ತೆ "ನಾಳೆ ಮಾತಾಡುವಾ" ಎಂದು ಮನೆಗೆ ಹೋದೆ. ಬೆಳಿಗ್ಗೆ ನೀನು ಏಳಲೇ ಇಲ್ಲ. ನಿನ್ನ ಎದೆಯ ಒಳಗೆ ಏನು ಸವೆದಿತ್ತೋ, ಯಾರಿಗೆ ಗೊತ್ತು…

ನಿನ್ನ ಉತ್ತರಕ್ರಿಯೆಯ ಬೊಜ್ಜ ಮುಗಿದು ನೆಂಟರೆಲ್ಲ ಹೊರಟ ಮೇಲೆ ನಿನ್ನ ಹೆಂಡತಿ ಗೀತಾಳಿಗೆ ನಾನು ಮಾತು ಕೊಟ್ಟೆ. ತಾನಾಗಿ ನಡೆದು ಟ್ರೇಲರ್ ಹತ್ತುವ ಡೋಜರು ಗಾಡಿಯ ಬೆಲೆಗೆ ಮಾರಿಹೋಗುತ್ತದೆ, ಎಳೆದು ಹತ್ತಿಸಿದ್ದು ತೂಕದ ಕಬ್ಬಿಣವಾಗಿ ಹೋಗುತ್ತದೆ. "ಸುಧಾಕರನ ಗಾಡಿ ನಡ್ಕಂಡೇ ಹೋಯ್ಕ್. ನಾನ್ ನಡೆಸ್ತೆ" ಎಂದೆ. ಅವಳು ತಲೆಯಾಡಿಸಿದಳು. ಪಾದ್ರಾ ಕಡೆಯ ನಟುಭಾಯ್, ನೀನೇ ಕೆರೆ ತೋಡಿಕೊಟ್ಟ ರೈತ, ಗಾಡಿ ನಡೆದರೆ ತಾನೇ ತೆಗೆದುಕೊಳ್ಳುವುದಾಗಿ ಹೇಳಿಕಳಿಸಿದ್ದ.

ಕೆಲಸ ಶುರು ಮಾಡಿದ ದಿನ ಜಗದೀಶ್‌ಭಾಯ್ ಪೈಪು ಹಿಡಿದುಕೊಂಡು ಬಂದ. ಬುಷ್ ಒತ್ತಿ ತೆಗೆಯುವ ನಮ್ಮ ಪ್ರೆಸ್ ನಡೆಸುವವನು ನಮ್ಮ ನಿಯಮ ಮರೆಯುತ್ತಾನೆಯೇ? ನಾನು ಬೇಡವೆಂದೆ. ಚೈನಿನ ಸಂದಿನಲ್ಲೆಲ್ಲ ಕಪ್ಪು ಮಣ್ಣು ಒಣಗಿ ಕೂತಿತ್ತು. ನಿನ್ನ ಕೊನೆಯ ಕೆರೆಯ ಮಣ್ಣು. ಅದರ ಮೇಲೆ ನೀರು ಬಿಡಲು… ನನಗೆ ಆಗಲಿಲ್ಲ ತಮ್ಮ. "ಚೈನು ಕೊನೆಗೆ ನೋಡುವಾ" ಎಂದು ಮಿಕ್ಕದ್ದಕ್ಕೆ ಕೈ ಹಾಕಿದೆ. ಸವೆದ ರೋಲರುಗಳಿಗೆ ವೆಲ್ಡಿಂಗ್ ತುಂಬಿಸಿ ಲೇತಿಗೆ ಕೊಟ್ಟೆ. ಎಣ್ಣೆ ಸೋರುತ್ತಿದ್ದ ಮುಂದಿನ ಗಾಲಿಗೆ ಸೀಲು ಬದಲಾಯಿಸಿದೆ. ಚೈನನ್ನು ಎಳೆಯುವ, ಹಲ್ಲು ಚೂಪಾಗಿದ್ದ ಸ್ಪ್ರಾಕೆಟ್ ಚಕ್ರಕ್ಕೆ ಬೇರೆ ಹಲ್ಲಿನ ಸುತ್ತು ಕೂರಿಸಿದೆ. ಸೂರತ್ತಿನಿಂದ ನಿನ್ನ ಮಗಳು ಪಲ್ಲವಿ ಫೋನು ಮಾಡುತ್ತಲೇ ಇದ್ದಳು. "ದೊಡ್ಡಪ್ಪ, ಗಾಡಿ ಆಯ್ತು? ಮಮ್ಮಿ ಕ್ಯಾರೇ ಆವ್‌ಶೇ, ಅದು ಹೇಳು ಫಸ್ಟ್" ಎಂದು, ಅದೇ ಅವಳ ಅರ್ಧ ಗುಜರಾತಿ ಕನ್ನಡದಲ್ಲಿ, ಅಮ್ಮ ಯಾವಾಗ ಬರುತ್ತಾಳೆಂದು. ಅಲ್ಲಿ ಅವಳ ಮನೆಯ ಹತ್ತಿರವೇ ನಮ್ಮೂರಿನವರ ಹೋಟೆಲಿನ ಅಡುಗೆಮನೆ ನೋಡಿಕೊಳ್ಳಲು ಗೀತಾಳನ್ನು ಕರೆದಿದ್ದರು. "ಗಾಡಿ ಒಂದ್ ದಡ ಮುಟ್ಲಿ" ಎಂದು ಅವಳೇ ತಡೆದಿಟ್ಟಿದ್ದಳು. ನಿನ್ನ ಗಾಡಿಯ ಮೇಲೆ ಅವಳಿಗೆ ಅಷ್ಟು ಜೀವ ಎಂದುಕೊಂಡು ನಾನು ಇನ್ನಷ್ಟು ಗಟ್ಟಿಯಾಗಿ ಸ್ಪ್ಯಾನರು ತಿರುಗಿಸಿದೆ.

ನಟುಭಾಯ್ ಬರುತ್ತೇನೆಂದ ಬೆಳಿಗ್ಗೆ ಇನ್ನು ತಪ್ಪಿಸುವಂತಿರಲಿಲ್ಲ. ಮಣ್ಣು ಕೆರೆದು ಚೈನನ್ನು ಪ್ರೆಸ್ಸಿಗೆ ಹಾಕಿದೆವು. ನಿನಗೆ ಗೊತ್ತಿರುವುದೇ: ಚೈನಿನ ಕೊಂಡಿಗಳ ನಡುವಿನ ಉಕ್ಕಿನ ಕೊಳವೆ, ಆ ಬುಷ್, ಸವೆಯುವುದು ಸ್ಪ್ರಾಕೆಟ್ಟಿನ ಹಲ್ಲು ಒತ್ತುವ ಕಡೆ ಮಾತ್ರ. ಅದನ್ನು ಹೊರಗೆ ತಳ್ಳಿ ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಸವೆಯದ ಬೆನ್ನು ಹಲ್ಲಿಗೆ ಸಿಗುತ್ತದೆ, ಚೈನಿಗೆ ಇನ್ನೊಂದು ಜನ್ಮ. ನಾನು ನೆಚ್ಚಿಕೊಂಡಿದ್ದೇ ಆ ಬೆನ್ನನ್ನು. ಮೊದಲ ಬುಷ್ ಹೊರಬಂತು. ಜಗದೀಶ್‌ಭಾಯ್ ಬಟ್ಟೆಯಲ್ಲಿ ಒರೆಸಿ, ತಿರುಗಿಸಿ ನೋಡಿ, ನನ್ನ ಕೈಗೆ ಕೊಟ್ಟ. "ಆ ತೋ ಬೇ ಬಾಜುಥೀ ಗಯೂಂ, ಅಣ್ಣಾ" ಎಂದ. ಎರಡೂ ಕಡೆ ಹೋಗಿತ್ತು. ನೀನು ಮುಂದೆ ಹೋದಷ್ಟೇ ಹಿಂದಕ್ಕೂ ಬಂದಿದ್ದೆ. ತಿರುಗಿಸಿ ಕೂರಿಸಲು ಬೆನ್ನೇ ಉಳಿದಿರಲಿಲ್ಲ. ಎರಡನೆಯದು, ಮೂರನೆಯದು, ಎಲ್ಲ ಹಾಗೆಯೇ. ಮೊದಲ ದಿನ ತೊಳೆದಿದ್ದರೆ ಮೊದಲ ದಿನವೇ ಕಾಣುತ್ತಿತ್ತಲ್ಲ!

ನಟುಭಾಯ್ ಬಂದಾಗ ಮುಚ್ಚಿಡಲಿಲ್ಲ. ಬುಷ್ ಅವನ ಅಂಗೈಯಲ್ಲಿಟ್ಟೆ. ಮುಂದಿನದು ಸರಿ, ಹಿಂದಿನದು ಹೇಗೆ ಸವೆಯಿತು ಎಂದು ಕೇಳಿದ. ನಿನ್ನ ರಿವರ್ಸಿನ ಕತೆ ಹೇಳಿದೆ. ಅವನು ಹೆಬ್ಬೆರಳಿನಿಂದ ಆ ತಗ್ಗನ್ನು ಸವರಿದ. "ಮಾರಾ ಶೇಢಾ ಪರ್ ಪಣ್ ಏಮ್ ಜ ಕರ್ತೋ" ಎಂದ, ನನ್ನ ಬದುವಿನಲ್ಲೂ ಹಾಗೇ ಮಾಡುತ್ತಿದ್ದ ಎಂದು. ಅವನ ಕಣ್ಣು ಒದ್ದೆಯಾಗಿತ್ತು. ಆದರೂ ಗಾಡಿ ಬೇಡವೆಂದ. ಈ ಹಳೇ ಮಾದರಿಗೆ ಹೊಸ ಚೈನು ಸಿಗುವುದಿಲ್ಲ, ಸವೆದದ್ದರ ಮೇಲೆ ವೆಲ್ಡಿಂಗ್ ಬಳಿದರೆ ಒಂದು ಮಳೆಗಾಲ ತಡೆಯುವುದಿಲ್ಲ. ಅವನೂ ಬಲ್ಲ, ನಾನೂ ಬಲ್ಲೆ. ಚಹಾ ಕುಡಿದು, ಕೈಮುಗಿದು ಹೋದ.

ಗೀತಾ ಬುತ್ತಿ ತಂದಾಗ ನಾನು ಆ ಬುಷ್ ಹಿಡಿದುಕೊಂಡೇ ಕೂತಿದ್ದೆ. ಹೇಗೆ ಹೇಳುವುದೆಂದು ತಡಕಾಡುವಾಗ ಅವಳೇ ಬಾಯಿಬಿಟ್ಟಳು.

"ಭಾವ, ನಂಗ್ ಗೊತ್ತಿತ್ತ್."

"ಎಂತ ಗೊತ್ತಿತ್ತ್?"

"ಎರಡೂ ಬದಿ ಹೋಯ್ದ್ ಅಂದೇಳಿ. ಕೆರೆ ಕೆಲ್ಸ ಮುಗ್ಸಿ ಬಂದ್ ದಿನ ಅವ್ರೇ ಹೇಳಿದ್ರ್. ಇದ್ ಇನ್ ಆತಿಲ್ಲೆ ಗೀತಾ, ಅಣ್ಣಯ್ಯಂಗೆ ನಾಳೆ ಹೇಳ್ತೆ ಅಂದ್ರ್."

ನನಗೆ ಸಿಟ್ಟೇ ಬಂತು. "ಮತ್ತೆ ನಂಗ್ ಹೇಳುಕೆ ಎಂತ ಆಯ್ತ್ ನಿಂಗೆ? ಹುಚ್ಚನ್ ಕಣಂಗೆ ರೋಲರ್ ರಿಪೇರಿ ಮಾಡ್ತಾ ಕೂಕಂಡಿದ್ನಲೆ ನಾನ್!"

ಅವಳು ಬುತ್ತಿಯ ಮುಚ್ಚಳ ತೆಗೆಯುತ್ತಾ ಹೇಳಿದಳು. "ಬೊಜ್ಜ ಮುಗ್ದ್ ಮೇಲೆ ನೀವ್ ಗ್ವಾಡೆ ಕಾಣ್ತಾ ಕೂಕಂಡಿದ್ರಿ. ಅನ್ನದ್ ಬಟ್ಲ್ ಇಟ್ಟ್ ಹೋದ್ರೆ ಹಂಗೇ ಇರ್ತಿತ್ತ್. ಆ ಗಾಡಿ ಬಿಚ್ಚುಕೆ ಶುರು ಮಾಡಿದ್ ದಿನ ಎರಡ್ನೇ ಸಲ ಅನ್ನ ಹಾಕ್ಸ್ಕಂಡ್ರಿ. ಮತ್ತೆ ನಾ ಎಂತಕ್ ಹೇಳುದ್?"

ಸುಧಾಕರ, ಇದು ನಿನಗೆ ಗೊತ್ತಿರಲಿಲ್ಲ ಅಲ್ಲವಾ? ನಾನು ನಿನ್ನ ಹೆಂಡತಿಗಾಗಿ ಗಾಡಿ ನಡೆಸುತ್ತಿದ್ದೇನೆಂದುಕೊಂಡಿದ್ದೆ. ಅವಳು ಸೂರತ್ತಿನ ಕೆಲಸ ತಡೆದಿಟ್ಟು, ಮಗಳಿಗೆ ಒಂದೊಂದು ನೆಪ ಹೇಳಿ, ಇಲ್ಲಿ ಕೂತು ನನ್ನನ್ನು ನಡೆಸುತ್ತಿದ್ದಳು.

ಆ ಸಂಜೆ ಪಲ್ಲವಿಗೆ ನಾನೇ ಫೋನು ಮಾಡಿದೆ. "ಅಮ್ಮನ್ ಕರ್ಕಂಡ್ ಹೋಗ್ ಮಗಾ, ಗಾಡಿ ಕೆಲ್ಸ ಮುಗೀತ್" ಎಂದೆ. ಗೀತಾ ಬೇಡವೆಂದಳು, ಅತ್ತಳು, ಉಪ್ಪಿನಕಾಯಿಯ ಜಾಡಿ ಎಲ್ಲಿದೆ, ಕುಕ್ಕರಿನ ಗ್ಯಾಸ್ಕೆಟ್ಟು ಹೇಗೆ ಹಾಕಬೇಕು ಎಂದೆಲ್ಲ ಹೇಳಿ, ರೈಲು ಹತ್ತಿದಳು. ಅವಳು ಹೋದ ಮೇಲೆಯೇ ಗ್ಯಾಸ್ ಕಟರಿನವರನ್ನು ಕರೆಸಿದೆ. ನಿನ್ನ ಗಾಡಿ ನಡೆದುಕೊಂಡು ಹೋಗಲಿಲ್ಲ ತಮ್ಮ. ತುಂಡು ತುಂಡಾಗಿ ಹೋಯಿತು. ಕಡೆಯ ತುಂಡು ಲಾರಿಗೆ ಬೀಳುವವರೆಗೂ ನಾನು ನಿಂತಿದ್ದೆ, ಜಗದೀಶ್‌ಭಾಯ್ ನನ್ನ ಪಕ್ಕ ಟೋಪಿ ತೆಗೆದು ನಿಂತಿದ್ದ. ಅಂಗಳದಲ್ಲಿ ಎಣ್ಣೆಯ ಕಲೆ ಬಿಟ್ಟು ಈಗ ಏನೂ ಇಲ್ಲ.

ನಿನಗೆ ಹೇಳಬೇಕಾದ ಸುದ್ದಿಯೆಂದರೆ ಇದು: ನಿನ್ನ ಗೀತಾ ಕೆಲಸಕ್ಕೆ ಸೇರಿದ್ದಾಳೆ. ಜೀವಮಾನದಲ್ಲಿ ಮೊದಲ ನೌಕರಿ. ಸಾಂಬಾರಿನ ಪುಡಿ ಹುರಿಯುವುದು ಸರಿಯಿಲ್ಲವೆಂದು ಸೇರಿದ ದಿನವೇ ಅಡುಗೆಯ ಭಟ್ಟರ ಜೊತೆ ಜಗಳವಾಡಿದಳಂತೆ. ಭಟ್ಟರೇ ಸೋತರಂತೆ. ಈಗ ತಾನೇ ಫೋನು ಮಾಡಿದ್ದಳು. "ಭಾವ, ಊಟ ಆಯ್ತಾ?" ಎಂದಳು. "ಆಯ್ತ್" ಎಂದೆ.

ಆಗಿರಲಿಲ್ಲ. ಅಕ್ಕಿ ತೊಳೆದೂ ಇಲ್ಲ. ಅವಳಿಗೆ ಹೇಳಿದ್ದು ಸುಳ್ಳಾಗಬಾರದು. ಈ ಕಾಗದ ಮಡಿಚಿಟ್ಟು ಏಳುತ್ತೇನೆ, ಒಲೆ ಹಚ್ಚುತ್ತೇನೆ. ಉಣ್ಣುತ್ತೇನೆ ಸುಧಾಕರ, ಇದು ನಿನಗೆ ಕೊಡುವ ಮಾತು.

ನಿನ್ನ
ಅಣ್ಣಯ್ಯ