ಬಲದವಡೆಯ ಬಿಳಿ ಕಲೆ

ಫೆಬ್ರವರಿ 3, 2003, ಸೋಮವಾರ. ಭದ್ರಾವತಿ

ಪೂಜೆ ಮುಗಿಸಿ ಗಂಜಿ ಕುಡಿದೆ. ರೊಟ್ಟಿ ಬಿಟ್ಟು ಹನ್ನೆರಡು ದಿನ. ಬಲಗಡೆ ದವಡೆಯ ಊತ ಇಳಿದಿಲ್ಲ. ನೋವು ಅಷ್ಟಿಲ್ಲ — ಅದೇ ಹೆದರಿಕೆ. ಅಕ್ಕನಿಗೂ ಮೊದಲು ನೋವಿರಲಿಲ್ಲ. ಬಾಯಿ ಕ್ಯಾನ್ಸರ್ ಎಂದು ತಿಳಿಯುವ ಹೊತ್ತಿಗೆ ಎಲ್ಲ ಮುಗಿದಿತ್ತು. ನಾನೂ ಅವಳಂತೆ ಮೂವತ್ತು ವರ್ಷ ಎಲೆ-ಅಡಿಕೆ ಜೊತೆ ಹೊಗೆಸೊಪ್ಪು ಹಾಕಿದವಳು. ಯಜಮಾನರಿಗೆ ಹೇಳಿದರೆ ಒಂದೇ ಮಾತು — "ಸುಮ್ನೆ ಏನೇನೋ ಅಂದ್ಕೋಬೇಡ." ಹೇಳುವಾಗ ನನ್ನ ಮುಖ ನೋಡುವುದಿಲ್ಲ.

ಹಲ್ಲಿನ ಡಾಕ್ಟರು ಸಣ್ಣ ಎಕ್ಸ್‌ರೇ ತೆಗೆದರು. ಸಾಲದಂತೆ. ಇಡೀ ದವಡೆಯದು ಶಿವಮೊಗ್ಗದಲ್ಲಿ ತೆಗೆಸಬೇಕಂತೆ.

ಫೆ. 6, ಗುರುವಾರ

ಇವರು ಕಾರ್ಖಾನೆಗೆ ರಜೆ ಹಾಕಿ ಜೊತೆಗೆ ಬಂದರು. ಬಸ್ಸಿನಲ್ಲಿ ನಿಂತೇ ಹೋದೆವು. ವಿನೋಬನಗರದ ಎಕ್ಸ್‌ರೇ ಸೆಂಟರ್. ಸಮತಾ ಎಂಬ ಹುಡುಗಿ ಮಿಶನ್ ನೋಡಿಕೊಳ್ಳುತ್ತಾಳೆ.

"ಕಿವಿ, ಮೂಗು, ಕುತ್ತಿಗೇಲಿರೋದೆಲ್ಲಾ ತೆಗೀರಿ ಅಮ್ಮ. ಲೋಹ ಇದ್ರೆ ಫೋಟೋ ಕೆಡುತ್ತೆ."

ಓಲೆ, ಮೂಗುತಿ, ತಾಳಿ — ಎಲ್ಲ ಬಿಚ್ಚಿ ಇವರ ಜೇಬಿಗೆ. ಲಿಂಗ? ಎಂಟನೇ ವರ್ಷ ದೀಕ್ಷೆಯಾದಾಗಿನಿಂದ ಮೈ ಬಿಟ್ಟು ಇಳಿದದ್ದಿಲ್ಲ. ಹೆರಿಗೆಯಲ್ಲೂ. ಲಿಂಗವಿರುವ ಬೆಳ್ಳಿ ಕರಡಿಗೆಯನ್ನು ಎಡಗಡೆ ಕತ್ತಿನ ಹಿಂದಕ್ಕೆ ಸರಿಸಿ ಸೆರಗು ಹೊದ್ದೆ. ಊತ ಇರುವುದು ಬಲಗಡೆ ತಾನೆ... ಮಿಶನ್ ತಲೆಯ ಸುತ್ತ ಒಂದು ಸುತ್ತು ಬಂತು. ಅಷ್ಟೇ.

ಫೆ. 7, ಶುಕ್ರವಾರ

ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದರು. ಬಹಳ ಹೊತ್ತು.

"ಬುದ್ಧಿಹಲ್ಲು ಮೇಲೆ ಬರ್ದೆ ಮೂಳೆಯೊಳ್ಗೇ ಅಡ್ಡ ಮಲಗಿದೆ. ಸುತ್ತ ಕಪ್ಪಿದೆ. ಬರೀ ಕಪ್ಪಾಗಿದ್ರೆ ನೀರಿನ ಚೀಲ, ಸಿಸ್ಟ್ ಅಂತಿದ್ದೆ. ಅದ್ರ ಮೇಲೆ ಈ ಬಿಳೀದೇನು ಅಂತ... ಸರ ಗಿರ ತೆಗ್ದಿದ್ರಾ?"

"ಎಲ್ಲಾ ನನ್ ಜೇಬಲ್ಲೇ ಇತ್ತು ಸಾರ್." ಇವರೇ ಹೇಳಿಬಿಟ್ಟರು. ನಾನು ಬಾಯಿ ಬಿಡಲಿಲ್ಲ.

"ಹಂಗಾದ್ರೆ ಮಣಿಪಾಲಕ್ಕೆ ಹೋಗಿ ತೋರ್ಸಿ. ತಡ ಮಾಡ್ಬೇಡಿ."

ಅಕ್ಕನಿಗೂ ಮಣಿಪಾಲ ಅಂದಿದ್ದರು.

ಫೆ. 12, ಬುಧವಾರ

ಬರೆಯಲು ಮನಸ್ಸಿಲ್ಲ. ಇವರು ಅಟ್ಟದಿಂದ ಬ್ಯಾಗು ಇಳಿಸಿ ದೂಳು ಕೊಡವಿದರು. ಪಕ್ಕದ ಮನೆಯ ಮಾಸ್ತಮ್ಮ ದೃಷ್ಟಿ ತೆಗೆದು ಹೋದಳು.

ಫೆ. 13, ಗುರುವಾರ

ಪೂಜೆ ಅರ್ಧಕ್ಕೇ ಬಿಟ್ಟು ಎದ್ದೆ. ಈ ಸುಳ್ಳು ಹೊತ್ತುಕೊಂಡು ಮಣಿಪಾಲದವರೆಗೆ ಹೋಗಲಾರೆ. ಲಿಂಗ ತೆಗೆದಿರಲಿಲ್ಲ, ಎಡಗಡೆ ಸರಿಸಿಕೊಂಡಿದ್ದೆ ಎಂದು ಇವರಿಗೆ ಹೇಳಿದೆ.

"ಅಯ್ಯೋ ಮಾರಾಯ್ತಿ! ಆದ್ರೂ ಎಡಗಡೆ ಇಟ್ಕೊಂಡಿದ್ದು ಬಲಗಡೆ ಹೆಂಗ್ ಬರುತ್ತೆ?"

"ನಂಗೇನ್ ಗೊತ್ತು. ಹೇಳ್ಬೇಕು ಅನ್ನಿಸ್ತು, ಹೇಳ್ದೆ."

ಇಬ್ಬರೂ ಹೋಗಿ ಡಾಕ್ಟರಿಗೆ ಹೇಳಿದೆವು. ಅವರು ಕೇಳಿ ಹಣೆ ಚಚ್ಚಿಕೊಂಡರು. ಮಿಶನ್ ಸುತ್ತುವುದರಿಂದ ಎಡಗಡೆಯ ಲೋಹದ ನೆರಳು ಬಲಗಡೆ, ಸ್ವಲ್ಪ ಮೇಲಕ್ಕೆ ಬೀಳುತ್ತದಂತೆ.

"ಫೋಟೋದಲ್ಲಿ ದೇವ್ರೇ ಬಂದು ಕೂತಿದಾನಲ್ಲಮ್ಮ! ನಾನು ಗಡ್ಡೆ ಅಂದ್ಕೊಂಡು ಮಣಿಪಾಲಕ್ಕೆ ಕಳಿಸ್ತಿದ್ದೆ."

ಇವರು ನಕ್ಕರು. ನನಗೆ ನಗು ಬರಲಿಲ್ಲ. ಬಿಳಿ ಹೋದರೂ ಕಪ್ಪು ಇದೆಯಲ್ಲ.

ಫೆ. 15, ಶನಿವಾರ

ಮತ್ತೆ ವಿನೋಬನಗರ. ಸಮತಾಗೆ ನಿಜ ಹೇಳಿದೆ.

"ಮೊದ್ಲೇ ಹೇಳ್ಬಾರ್ದಿತ್ತಾ ಅಮ್ಮ? ಅಂಗೈಲಿ ಹಿಡ್ಕೊಂಡು ಕೈ ಕೆಳಗೆ ಬಿಡಿ. ಮೈ ಮೇಲೇ ಇದ್ದಂಗಾಯ್ತು, ನನ್ ಫೋಟೋನೂ ಕೆಡಲ್ಲ."

ಇಷ್ಟು ಸುಲಭ ಇತ್ತು. ಒಂದು ವಾರದ ನಿದ್ದೆ ಹೋಯಿತು.

ಫೆ. 17, ಸೋಮವಾರ

ಬಿಳಿ ಇಲ್ಲ. ನಿಂಬೆಹಣ್ಣಿನಷ್ಟು ಕಪ್ಪು, ಅಂಚು ನಯ, ಒಳಗೆ ಹಲ್ಲು. ಡಾಕ್ಟರು ಸೂಜಿ ಚುಚ್ಚಿ ಎಳೆದರು. ಹಳದಿ ನೀರು.

"ಇದು ಒಳ್ಳೇ ಲಕ್ಷಣಾನೇ. ಆದ್ರೆ ಹಲ್ಲು, ಚೀಲ ಎರಡೂ ತೆಗ್ದು ಲ್ಯಾಬಿಗೆ ಕಳಿಸ್ಬೇಕು. ರಿಪೋರ್ಟ್ ಬರೋವರ್ಗೂ ನಾನು ಗ್ಯಾರಂಟಿ ಕೊಡಲ್ಲ."

ಇನ್ನೂ ಕಾಯಬೇಕು. ಮೂಳೆ ತೆಳ್ಳಗಾಗಿದೆಯಂತೆ, ಗಟ್ಟಿ ಏನೂ ಕಚ್ಚಬಾರದು. ಹೊಗೆಸೊಪ್ಪಿನ ಡಬ್ಬಿ ಹಿತ್ತಲ ಗುಂಡಿಗೆ ಹಾಕಿದೆ.

ಮಾರ್ಚ್ 1, ಶನಿವಾರ. ಶಿವರಾತ್ರಿ

ಆಪರೇಶನ್ ಆಗಿ ಎಂಟು ದಿನ. ಬಾಯಿ ಎರಡು ಬೆರಳಷ್ಟೂ ತೆರೆಯದು. ಉಪವಾಸಕ್ಕೆ ಬೇರೆ ಕಷ್ಟ ಪಡಬೇಕಿಲ್ಲ. ರಿಪೋರ್ಟ್ ಬಂದಿಲ್ಲ. ಬೇಡಿಕೊಳ್ಳಲೂ ದಣಿವು. ಶಿವಾ, ನಿನಗೆ ಗೊತ್ತಿರುವುದೇ.

ಮಾರ್ಚ್ 4, ಮಂಗಳವಾರ, ಸಂಜೆ

ರಿಪೋರ್ಟ್ ತರಲು ಇವರೊಬ್ಬರೇ ಶಿವಮೊಗ್ಗದ ಲ್ಯಾಬಿಗೆ ಹೋದರು. ನಾಲ್ಕು ಗಂಟೆಗೆ ಮಾಸ್ತಮ್ಮ ಕಾಂಪೌಂಡಿನಾಚೆಯಿಂದ ಕೂಗಿದಳು — "ನಿಮ್ಮನೆಯವ್ರ ಫೋನು, ಓಡಿ ಬಾರೇ!" ಓಡಲಿಲ್ಲ. ನಡೆದೇ ಹೋಗಿ ಫೋನು ತೆಗೆದುಕೊಂಡೆ.

"ಸಿಸ್ಟೇ ಅಂತೆ ಕಣೇ. ಬರೀ ನೀರಿನ ಚೀಲ. ಕ್ಯಾನ್ಸರ್ ಇಲ್ಲ. ಲ್ಯಾಬಿನ ಡಾಕ್ಟ್ರು ಎರಡು ಸಲ ಓದಿ ಹೇಳಿದ್ರು."

"ಹೂಂ."

"ಹೂಂ ಅಂದ್ರೆ? ಕೇಳಿಸ್ತಾ? ಹಲೋ... ಅಳ್ತಿದೀಯಾ?"

ಅಳುತ್ತಿದ್ದವರು ಇವರೇ. ಬಸ್ ಸ್ಟ್ಯಾಂಡಿನ ಬೂತಿನಲ್ಲಿ, ಅಷ್ಟು ಜನರ ಮುಂದೆ.

ಮನೆಗೆ ಬಂದು ಕೂತೆ. ಸಂತೋಷ ಆಗಬೇಕಿತ್ತು. ನಾಳೆ ಆಗಬಹುದು. ಈಗ ಕಣ್ಣು ಎಳೆಯುತ್ತಿದೆ. ಇವರು ಬರುವಷ್ಟರಲ್ಲಿ ಅನ್ನಕ್ಕೆ ಇಡಬೇಕು, ಸಾರಿಗೆ ಬೇಳೆ—