ನಯನಳ ಬಲಗೈ

ಅಜ್ಜಂಪುರ
9 ಫೆಬ್ರವರಿ 2025, ಭಾನುವಾರ

ಪ್ರೀತಿಯ ತಮ್ಮ ಭೈರೇಶನಿಗೆ,

ಚೆನ್ನಾಗಿದ್ದೀಯಾ? ಅವ್ವನ ಮಂಡಿನೋವು ಹೇಗಿದೆ? ಬಾಣಂತನಕ್ಕೆ ಅಮೃತಾಪುರದ ತವರಿಗೆ ಹೋಗಿರುವ ಸ್ಫೂರ್ತಿ, ನಿನ್ನ ಕೂಸು, ಇಬ್ಬರೂ ಸೌಖ್ಯವೇ? ಬಾಣಂತಿ ತಣ್ಣೀರು ಮುಟ್ಟದಂತೆ ನೋಡಿಕೊಳ್ಳಿ ಎಂದು ಅವರಮ್ಮನಿಗೆ ಹೇಳು. ಕೇಳಿ ನಗುತ್ತಾರೆ, ನಗಲಿ. ಇಲ್ಲಿ ನಿನ್ನ ಭಾವ ಟೆಂಪೋ ಓಡಿಸಿಕೊಂಡು ಚೆನ್ನಾಗಿದ್ದಾರೆ. ಫೋನಿರುವಾಗ ಇದೇನು ಕಾಗದ ಎನ್ನಬೇಡ. ಫೋನಿನಲ್ಲಾದರೆ ನೀನು ಎರಡು ಮಾತಿಗೆ ನನ್ನನ್ನು ನಗಿಸಿಬಿಡುತ್ತೀಯ. ಈ ಸಲ ನನಗೆ ನಗುವುದಕ್ಕೆ ಇಷ್ಟವಿಲ್ಲ.

ಮಗಳ ನಾಮಕರಣಕ್ಕೆ ಸೋದರತ್ತೆ ನೀನೇ ಬಂದು ತೊಟ್ಟಿಲಿಗೆ ಹಾಕಿ, ಕಿವಿಯಲ್ಲಿ ಹೆಸರು ಹೇಳಬೇಕು ಎಂದು ಕರೆದಿದ್ದೀಯ. ಉಡುವ ಸೀರೆಯನ್ನೂ ತೆಗೆದಿಟ್ಟಿದ್ದೆ. ಈಗ ಹೋಗುವುದೋ ಬೇಡವೋ ಎಂದು ಈ ವಾರವೆಲ್ಲ ಒದ್ದಾಡಿದ್ದೇನೆ. ಯಾಕೆಂದು ಹೇಳುತ್ತೇನೆ, ಕೇಳು.

ಹೋದ ಮಂಗಳವಾರ ನನ್ನ ಮಗಳು ನಯನಳನ್ನು ಕಡೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಅವಳ ಬಲಗೈ ಬೆರಳು ಇನ್ನೂ ಮಡಚಿಕೊಂಡೇ ಇವೆ. ಏನಾದರೂ ವ್ಯಾಯಾಮ ಹೇಳಿಕೊಟ್ಟಾರೇನೋ ಎಂಬ ಆಸೆ ನನಗೆ. ಅಲ್ಲಿನ ವಯಸ್ಸಾದ ನರ್ಸಮ್ಮ ಕೈ ಹಿಡಿದು ನೋಡಿ, ಬಿದ್ದ ದಿನವೇ ಯಾಕೆ ತರಲಿಲ್ಲ ಎಂದು ಗದರಿದರು. ಲಾಕ್‌ಡೌನಿನಲ್ಲಿ ಮಕ್ಕಳನ್ನು ನೋಡುತ್ತಿರಲಿಲ್ಲವಲ್ಲ ಎಂದೆ. ಆಕೆ ನನ್ನ ಮುಖವನ್ನೇ ನೋಡಿದರು. "ಯಾರಮ್ಮ ಹಂಗಂದಿದ್ದು? ಎಮರ್ಜೆನ್ಸಿ ಬಾಗ್ಲು ಒಂದಿನಾನೂ ಹಾಕ್ಲಿಲ್ಲ. ನಾವು ಕೂತೇ ಇದ್ವಿ, ಮಕ್ಕಳೇ ಬರ್ಲಿಲ್ಲ." ಜನ ಹೆದರಿ ಮಕ್ಕಳನ್ನು ಮನೆಯಲ್ಲೇ ಇಟ್ಟುಕೊಂಡು, ಕೈಮೀರಿದ ಮೇಲೆ ಹೊತ್ತು ತರುತ್ತಿದ್ದರಂತೆ.

ಆ ದಿನ ನಿನಗೆ ನೆನಪಿದೆಯಾ? ನಿನ್ನ ಮದುವೆಗೆಂದು ನಾವು ತಾಯಿಮಗಳು ಸಖರಾಯಪಟ್ಟಣಕ್ಕೆ ಮೊದಲೇ ಬಂದುಬಿಟ್ಟಿದ್ದೆವು. ಲಾಕ್‌ಡೌನ್ ಬಂದು ಛತ್ರ ರದ್ದಾಗಿ, ಮನೆಯ ಮುಂದೆಯೇ ಚಪ್ಪರ ಹಾಕಿಸಿದಿರಿ. ನಯನ ನಿನ್ನ ಕಳಸಗಿತ್ತಿ. ನಿನ್ನ ಪಕ್ಕದಲ್ಲಿ ಕಳಸ ಹಿಡಿದು ನಿಲ್ಲಬೇಕಾದವಳು, ಇನ್ನೂ ಸಣ್ಣ ಕೂಸು. ಚಪ್ಪರಕ್ಕೆ ತೆಂಗಿನ ಗರಿ ತಂದಿದ್ದ ಟ್ರಾಲಿಯಿಂದ ಜಾರಿ, ಕೈಯೂರಿ ಬಿದ್ದಳು. ಅವಳ ಅಪ್ಪ ಇಲ್ಲಿ ಅಜ್ಜಂಪುರದಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಆಂಬುಲೆನ್ಸಿಗೆ ಫೋನ್ ಮಾಡು ಎಂದು ನಾನು ಅತ್ತೆ. ಮೊದಲು ವಿಚಾರಿಸಿಕೊಂಡು ಬರುತ್ತೇನೆಂದು ನೀನು ಬೈಕ್ ಹತ್ತಿ ಹೋದೆ, ಬಂದು ನನ್ನ ಕೈ ಹಿಡಿದು ಹೇಳಿದೆ: "ಕಡೂರಿಗೇ ಹೋಗಿ ಕೇಳ್ಕಂಡ್ ಬಂದೆ ಕಣಕ್ಕ. ಬರೀ ಕೊರೋನಾದೋರನ್ನ ನೋಡ್ತಾವ್ರೆ. ಮಕ್ಕಳನ್ನ ಗೇಟಲ್ಲೇ ವಾಪಸ್ ಕಳಿಸ್ತಾವ್ರೆ." ನಾನು ನಂಬಿದೆ. ನನ್ನ ಸೊಂಟದ ಮೇಲೆ ಬೆಳೆದವನನ್ನು ನಂಬದೆ ಇನ್ಯಾರನ್ನು ನಂಬಲಿ? ನಾಟಿ ಕಟ್ಟು ಕಟ್ಟುವ ಕರಿಯಣ್ಣನನ್ನು ನೀನೇ ಕರೆತಂದೆ. ಅವನು ಮೊಟ್ಟೆ, ಉದ್ದಿನ ಹಿಟ್ಟು ಮೆತ್ತಿ, ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಬಟ್ಟೆ ಸುತ್ತಿದ. ಮದುವೆಯ ದಿನ ಆ ಕಟ್ಟು ಕಾಣದಂತೆ ರೇಷ್ಮೆ ಶಲ್ಯ ಹೊದಿಸಿ ಅವಳನ್ನು ನಿಲ್ಲಿಸಿದಿರಿ. ಕಳಸವನ್ನು ಎಡಗೈಯಲ್ಲಿ ಹಿಡಿದಳು. ಶಲ್ಯದೊಳಗೆ ಬೆರಳು ಊದಿ ಕಪ್ಪಗಾಗಿದ್ದವು. ಕೂಸು ಅತ್ತರೆ ಬಂದವರು ನಾಚಿಕೆ ಎಂದುಕೊಂಡು ನಕ್ಕರು. ಇವರು ಪಾಸು ಮಾಡಿಸಿಕೊಂಡು ಬಂದು ಶಿವಮೊಗ್ಗಕ್ಕೆ ಒಯ್ಯುವ ಹೊತ್ತಿಗೆ, ರಕ್ತ ಓಡದೆ ಕೈಯ ಮಾಂಸ ಸತ್ತಿತ್ತು.

ಮಂಗಳವಾರ ಮನೆಗೆ ಬಂದವಳೇ ಅವ್ವನಿಗೆ ಫೋನ್ ಮಾಡಿದೆ. ಪಾಪ, ಭೈರೇಶನಿಗೆ ಯಾರೋ ತಪ್ಪು ಹೇಳಿದ್ದಾರೆ ಎಂದೇ ಮಾತು ತೆಗೆದೆ ನೋಡು, ಅಷ್ಟು ದಡ್ಡಿ ನಾನು. ಅವ್ವ, "ಅವ್ನು ಕಡೂರಿಗೆ ಹೋಗ್ಲೇ ಇಲ್ಲ ಕಣೇ. ತೋಟದಾಗೆ ಕೂತಿದ್ದು ಬಂದ. ಆಸ್ಪತ್ರೆಗೆ ಹೋಗ್ಬಂದ್ರೆ ಮನೆ ಸೀಲ್ ಮಾಡ್ತಾರೆ, ಮುಹೂರ್ತ ತಪ್ತದೆ ಅಂದ. ನಾನೂ ಬಾಯ್ಮುಚ್ಕಂಡೆ," ಎಂದಳು.

ಮದುವೆ ಮುಂದಿನ ತಿಂಗಳೂ ಆಗುತ್ತಿತ್ತಲ್ಲೋ. ಮುಹೂರ್ತವೇ ಮುಖ್ಯ ಕಣಕ್ಕ ಎಂದು ನೇರವಾಗಿ ಹೇಳಿದ್ದರೆ ಮಗುವನ್ನು ಎತ್ತಿಕೊಂಡು ನಡೆದೇ ಹೋಗುತ್ತಿದ್ದೆ. ಅದಕ್ಕೂ ಬಿಡಲಿಲ್ಲ ನೀನು, ದಾರಿಯೇ ಇಲ್ಲವೆಂದುಬಿಟ್ಟೆ. ನಂಬಿಸಿ ಕತ್ತು ಕೊಯ್ದೆ ಭೈರೇಶ. ಪ್ರತಿ ಗೌರಿ ಹಬ್ಬಕ್ಕೂ ಬಾಗಿನ ತಂದು, ಅವಳ ಆ ಕೈಗೇ ಬಳೆ ತೊಡಿಸಿ ಹೋದೆಯಲ್ಲ, ಆಗಲಾದರೂ ಬಾಯಿ ಬಿಡಬಾರದಿತ್ತೇ? ನಾಮಕರಣಕ್ಕೆ ನಾನು ಬರುವುದಿಲ್ಲ. ತೊಟ್ಟಿಲಿಗೆ ಹಾಕಲು ಬೇರೆ ಯಾರನ್ನಾದರೂ ಕರೆದುಕೋ.

ನಿನ್ನ ಕೂಸು ಆಯಸ್ಸು ಆರೋಗ್ಯ ಪಡೆದು ಬಾಳಲಿ, ಅದಕ್ಕೆ ಕೆಟ್ಟದ್ದು ಬಯಸುವವಳು ನಾನಲ್ಲ. ಅವ್ವನ ಮೇಲೆ ರೇಗಬೇಡ, ಅವಳ ಮಾತ್ರೆ ತಪ್ಪಿಸಬೇಡ.

ಇಂತಿ,
ನಿನ್ನ ಅಕ್ಕ
ಭವ್ಯ

ಮರೆತಿದ್ದೆ: ಇವರು ಹೊರಟು ನಿಂತಿದ್ದಾರೆ, ಕಾಗದ ಇವರ ಕೈಯಲ್ಲೇ ಡಬ್ಬಕ್ಕೆ ಹಾಕಿಸುತ್ತೇನೆ. ಇದರ ಜೊತೆ ಅಮೃತಾಪುರಕ್ಕೂ ಒಂದು ಹೋಗುತ್ತಿದೆ, ಸ್ಫೂರ್ತಿಗೆ. ನಡೆದದ್ದನ್ನೆಲ್ಲ ಅವಳಿಗೂ ಬರೆದಿದ್ದೇನೆ. ಮಗು ಬಿದ್ದರೆ, ಜ್ವರ ಬಂದರೆ ನೀನೇ ಎತ್ತಿಕೊಂಡು ಆಸ್ಪತ್ರೆಗೆ ಓಡು, ಗಂಡನನ್ನು ಕೇಳುತ್ತಾ ನಿಲ್ಲಬೇಡ ಎಂದಿದ್ದೇನೆ.